ನಾನು ಅಂದದ್ದು ‘ತಡಿ’

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕುಂದಗೋಳ ಕಡೆಯ ಒಂದು ಹಳ್ಳಿಯ ಹಾಳುಬಾವಿಯಿಂದ ಕೂಸು ಅಳುವ ಸದ್ದು ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು. ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತೆ. ಒಳಗಿನ ಸಂದಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದವು. ಹಾಗೆಂದೇ ಬರೆದೆ. ಊರಿನವರಿಗೆ ಸಿಟ್ಟು ಬಂತು, ನನಗೆ ಸಮಾಧಾನವಾಯಿತು. ಮುಂದೆ ಎಷ್ಟೋ ವರ್ಷ ಯಾರಾದರೂ ‘ಅಲ್ಲೇನೋ ಇದೆ’ ಎಂದು ಕಚೇರಿಗೆ ಬಂದರೆ ಆ ಪಾರಿವಾಳಗಳ ಕತೆಯನ್ನೇ ಹೇಳಿ ಕಳಿಸುತ್ತಿದ್ದೆ.

ಈಗ ಬರೆಯುತ್ತಿರುವುದಕ್ಕೆ ಅಂಥ ಪಾರಿವಾಳ ನನಗೆ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ತೀರ್ಮಾನ ಓದುವವರದು.

ನನ್ನ ಹೆಂಡತಿ ನೀಲಾಳ ತವರು ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿ. ಅವರ ಹೊಲದ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಖಣಿಯೊಂದಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಂಬಿ ಕೆರೆಯಂತಾಗುತ್ತದೆ. ಒಂದು ಬದಿಯಲ್ಲಿ ನೀರಿಗಿಳಿಯುವ ಇಳಿಜಾರು, ಎದುರು ಬದಿಯಲ್ಲಿ ಗೋಡೆಯಂತೆ ನಿಂತ ಕಲ್ಲು. ಆ ಕಲ್ಲಿನ ತಲೆಯ ಮೇಲಿಂದ ನೀರಿಗೆ ಜಿಗಿಯುವುದು ನೀಲಾಳ ಮನೆತನಕ್ಕೇ ಅಂಟಿದ ಹುಚ್ಚು. ನನ್ನ ಮಾವ ಜಿಗಿಯುತ್ತಿದ್ದರಂತೆ, ನೀಲಾಳ ತಮ್ಮ ಈರಣ್ಣ ಜಿಗಿಯುತ್ತಾನೆ, ಮದುವೆಗೆ ಮುಂಚೆ ನೀಲಾಳೂ ಜಿಗಿದವಳೇ.

ನಾನು ನವಲಗುಂದದ ಎರೆಭೂಮಿಯಿಂದ ಬಂದವನು. ನಮ್ಮ ಕಡೆ ಕುಡಿಯಲು ಹಿಡಿದಿಡುವ ನೀರೇ ದೊಡ್ಡದು, ಈಜುವ ಮಾತು ಎಲ್ಲಿಂದ ಬರಬೇಕು? ಮದುವೆಯಾದ ಮೇಲೆ ಈರಣ್ಣನೇ ನನ್ನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ. ಮೊದಲ ದಿನ ನಾನು ನೀರಿಗಿಳಿದಾಗ ಅವನು ದಡದಲ್ಲಿ ನಿಂತು, “ಅಕ್ಕಾ, ನೋಡ ಬಾ, ಎರಿ ಸೀಮಿ ಎಮ್ಮಿ ನೀರಿಗೆ ಬಿತ್ತ!” ಎಂದು ಕೂಗಿದ್ದು ಇವತ್ತಿಗೂ ಆ ಮನೆಯಲ್ಲಿ ಹಬ್ಬದೂಟದ ಹೊತ್ತಿಗೆ ಬರುವ ಮಾತು.

ಜಿಗಿಯುವುದಕ್ಕೆ ಅವರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೇಲೆ ಒಬ್ಬರು ನಿಂತರೆ ಕೆಳಗೆ ನೀರಿನಲ್ಲಿ ಒಬ್ಬರು ಇರಲೇಬೇಕು. ಅದಕ್ಕೆ ‘ನೀರು ಕಾಯುವುದು’ ಎನ್ನುತ್ತಿದ್ದರು. ಮೇಲಿನವರು “ಬರಲಿ?” ಎಂದು ಕೇಳಬೇಕು. ಕೆಳಗಿನವರು “ಬಾ, ನಾ ಅದೀನಿ” ಅನ್ನಬೇಕು. ಬರಿಯ ‘ಬಾ’ ಅಂದರೆ ಸಾಲದು. ‘ನಾ ಅದೀನಿ’, ಅಂದರೆ ನಾನಿದ್ದೇನೆ, ಎಂಬುದನ್ನು ಕೇಳಿಸಿಕೊಳ್ಳದೆ ಯಾರೂ ಕಾಲು ಎತ್ತುತ್ತಿರಲಿಲ್ಲ. ಬೇಡವೆಂದರೆ ಒಂದೇ ಮಾತು: “ತಡಿ.”

ಅದು ಶೀಗಿ ಹುಣ್ಣಿಮೆಯ ದಿನ. ಹೊಲದಲ್ಲಿ ಭೂಮಿಗೆ ಪೂಜೆ ಮಾಡಿ, ಎಡೆಯನ್ನು ಪೈರಿನ ಮೇಲೆ ಚರಗವಾಗಿ ಚೆಲ್ಲಿ, ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಎಣಗಾಯಿ, ಹೋಳಿಗೆ. ಊಟ ಹೆಚ್ಚೇ ಆಯಿತು. ಆಮೇಲೆ ನಾವು ಐವರು ಖಣಿಗೆ ಹೋದೆವು: ನಾನು, ನೀಲಾ, ಈರಣ್ಣ, ಅವನ ಹೆಂಡತಿ ಶಾರದಾ, ಅವರ ಮಗಳು ಪಲ್ಲವಿ. ಪಲ್ಲವಿ ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ತಂದೆಯ ಹುಚ್ಚು ಪೂರ್ತಿಯಾಗಿ ಅವಳಿಗೆ ಇಳಿದಿತ್ತು.

ಪಲ್ಲವಿ ನೀರು ಕಾಯುತ್ತಿರಲು ಈರಣ್ಣ ಮೊದಲು ಜಿಗಿದು, ಈಜಿ, ದಡಕ್ಕೆ ಬಂದು ಮೈ ಒರೆಸಿಕೊಳ್ಳುತ್ತಿದ್ದ. “ಮಾವಾರ, ನೀರ ಕಾಯ್ರಿ. ಉಂಡದ್ದು ಕರಗಲಿ” ಎಂದು ನನ್ನನ್ನು ಇಳಿಸಿದ. ಶಾರದಾ ಇಳಿಜಾರಿನಲ್ಲಿ ನೀರಿನ ಅಂಚಿಗೆ ಕುಳಿತು ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು, ನನಗೆ ಬೆನ್ನು ಮಾಡಿ. ನೀಲಾ ಅವಳ ಪಕ್ಕದಲ್ಲಿದ್ದಳು. ನಾನು ಖಣಿಯ ನಡುವೆ ತೇಲುತ್ತಿದ್ದೆ. ಪಲ್ಲವಿ ಕಲ್ಲಿನ ತಲೆಯ ಮೇಲೆ ನಿಂತಿದ್ದಳು. ಇಳಿಬಿಸಿಲು ಅವಳ ಮುಖಕ್ಕೆ ನೇರವಾಗಿ ಹೊಡೆಯುತ್ತಿತ್ತು, ಕೈ ಅಡ್ಡ ಹಿಡಿದಿದ್ದಳು.

“ಮಾಮಾ, ಬರಲೇನ್ರಿ?”

ಅದೇ ಹೊತ್ತಿಗೆ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಹಾಗೆ ಹಿಡಿದುಕೊಂಡರೆ ನೀರಿನಲ್ಲಿ ಏನಾಗುತ್ತದೆಂದು ಅನುಭವವಿದ್ದವರಿಗೆ ಗೊತ್ತು. ನನ್ನ ಮೈಯನ್ನೇ ನಾನು ಎತ್ತಿ ಹಿಡಿಯಲಾರೆ, ಅವಳಿಗೆ ಏನಾದರೂ ಆದರೆ ಹೋಗಿ ತಲುಪಲಾರೆ. ನಾನು ಕೂಗಿದೆ. ಅಂದದ್ದು “ತಡಿ!” ಅದರಲ್ಲಿ ನನಗೆ ಸಂಶಯವಿಲ್ಲ. ಆ ಪದದ ಒತ್ತು ನನ್ನ ಗಂಟಲಿಗೆ ಇವತ್ತಿಗೂ ನೆನಪಿದೆ. ನಿಜ ಹೇಳುವುದಾದರೆ ಆ ಗಳಿಗೆಯಲ್ಲಿ ಅವಳ ಚಿಂತೆಗಿಂತ ನನ್ನ ಕಾಲಿನ ಚಿಂತೆಯೇ ಹೆಚ್ಚಿತ್ತು.

ಪಲ್ಲವಿ ಜಿಗಿದಳು.

ನನಗೆ ಸಿಟ್ಟು ಬಂತು. ಹೇಳಿದ ಮಾತು ಕೇಳದ ಹುಡುಗಿ ಅನ್ನಿಸಿತು. ಅವಳು ಮೇಲೆದ್ದು, ಮುಖದ ನೀರು ಒರೆಸಿಕೊಂಡು, ನಗುತ್ತಾ ನನ್ನ ಕಡೆ ಈಜಿ ಬಂದಳು. ಬೈಯಲು ಬಾಯಿ ತೆರೆದಿದ್ದೆ. ಆಗ ಮೇಲೆ ಸದ್ದಾಯಿತು. ಅವಳು ನಿಂತಿದ್ದ ಕಲ್ಲಿನ ತಲೆ, ಅದರ ಮೇಲಿನ ಮಣ್ಣು, ಒಂದು ಮುಳ್ಳಿನ ಗಿಡ, ಎಲ್ಲವೂ ಒಟ್ಟಿಗೆ ಜಾರಿ ಕೆಳಗಿಳಿದವು. ಆ ಗೋಡೆಯ ಬುಡದಲ್ಲಿ ನೀರಿಲ್ಲ, ಒಡೆದ ಕಲ್ಲಿನ ರಾಶಿ ಇದೆ. ಅದಕ್ಕೇ ಅಲ್ಲಿಂದ ಜಿಗಿಯುವವರು ಮುಂದಕ್ಕೆ ಚಿಮ್ಮಿ ಜಿಗಿಯಬೇಕು. ಬಿದ್ದದ್ದೆಲ್ಲ ಆ ಒಣ ರಾಶಿಯ ಮೇಲೆ ಬಿತ್ತು. ಧೂಳು ನೀರಿನ ಮೇಲೆ ಹರಡಿತು. ಪಲ್ಲವಿ ನನ್ನ ಭುಜ ಹಿಡಿದುಕೊಂಡಳು. ನಾನು ಅವಳನ್ನು ಹಿಡಿದೆನೋ, ಅವಳು ನನ್ನನ್ನು ದಡಕ್ಕೆ ಎಳೆದಳೋ, ಈಗ ಹೇಳಲಾರೆ.

ದಡದಲ್ಲಿ ಶಾರದಾ ನನ್ನ ಕಾಲಿಗೆ ಬಿದ್ದಳು. “ಅಣ್ಣಾರ, ಆ ಹೊತ್ತಿಗೆ ನೀವ ಬಾ ಅನ್ನದಿದ್ರ ನನ್ನ ಕೂಸು ಉಳೀತಿದ್ದಿಲ್ರಿ.”

“ನಾನು ಬಾ ಅನ್ನಲಿಲ್ಲ” ಎಂದೆ. ಹಲ್ಲು ಕಟಕಟ ಅನ್ನುತ್ತಿದ್ದವು, ಮಾತು ಸರಿಯಾಗಿ ಹೊರಬಂದಿತೋ ಇಲ್ಲವೋ. ಯಾರೂ ಕಿವಿಗೊಡಲಿಲ್ಲ. ಈರಣ್ಣ ನನ್ನ ಕಾಲು ತಿಕ್ಕುತ್ತಾ, “ಅಗದಿ ಗಟ್ಟಿಯಾಗಿ ಅಂದ್ರಿ ಮಾವಾರ. ನಾ ಅದೀನಿ ಅಂತ. ಇಷ್ಟ ವರ್ಷದಾಗ ಹಂಗ ನೀವ ಒಮ್ಮೆನೂ ಅಂದಿದ್ದಿಲ್ಲ” ಎಂದ.

ರಾತ್ರಿ ನೀಲಾ ಒಬ್ಬಳೇ ಇರುವಾಗ ಅವಳನ್ನು ಕೇಳಿದೆ. ಅವಳಿಗೂ ಅದೇ ಕೇಳಿಸಿತ್ತು. ಧ್ವನಿ ಯಾರದು ಎಂದೆ. “ಯಾರದೇನ್ರಿ? ನಿಮ್ದ. ಗಂಡನ ಧ್ವನಿ ಗೊತ್ತಾಗೂದಿಲ್ಲೇನು ನನಗ?” ಎಂದು ಮಗ್ಗುಲು ಬದಲಿಸಿದಳು.

ನನ್ನ ಕಸುಬಿನ ಅಭ್ಯಾಸದಂತೆ ಇದನ್ನು ಎಲ್ಲ ಕಡೆಯಿಂದ ತಿರುವಿ ನೋಡಿದ್ದೇನೆ. ಖಣಿಯ ಗೋಡೆಗೆ ಬಡಿದ ಮಾತು ಒಡೆದು ಬೇರೆಯಾಗಿ ಕೇಳಿಸಬಹುದು. ಆದರೆ ‘ತಡಿ’ ಎಂಬ ಚಿಕ್ಕ ಮಾತು ‘ಬಾ, ನಾ ಅದೀನಿ’ ಆಗುವಷ್ಟು ಬೆಳೆಯುವುದು ಹೇಗೆ? ಕಾಯುತ್ತಿದ್ದ ಮಾತನ್ನೇ ಕಿವಿ ಕೇಳಿಸಿಕೊಂಡಿತು ಅನ್ನಬಹುದು. ಪಲ್ಲವಿಯ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಡಬ್ಬಿ ತೊಳೆಯುತ್ತಿದ್ದ ಶಾರದಾ ಯಾವ ಮಾತಿಗೂ ಕಾಯುತ್ತಿರಲಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ: ಪಲ್ಲವಿ ಒದ್ದು ಚಿಮ್ಮಿದ್ದರಿಂದಲೇ ಆ ಕಲ್ಲು ಸಡಿಲವಾಗಿರಬಹುದು, ಸುಮ್ಮನೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಮರುದಿನ ಈರಣ್ಣ ಹೋಗಿ ನೋಡಿ ಬಂದು, ಮುರಿದ ಜಾಗದಲ್ಲಿ ಒಳಗಿನ ತನಕ ಹಸಿ ಮಣ್ಣು, ಹಳೆಯ ಬಿರುಕು ಎಂದ. ಸಿಕ್ಕ ಸಾಕ್ಷಿ ಅಷ್ಟೇ. ಕೊನೆಯದಾಗಿ, ನಾನೇ ‘ಬಾ’ ಅಂದು, ‘ತಡಿ’ ಅಂದೆನೆಂದು ಈಗ ನೆನಪಿಸಿಕೊಳ್ಳುತ್ತಿರಬಹುದು. ಬೇರೆಯವರ ವಿಷಯದಲ್ಲಾಗಿದ್ದರೆ ನಾನು ಮೊದಲು ಬರೆಯುತ್ತಿದ್ದದ್ದು ಇದನ್ನೇ.

ಆದರೆ ಆ ಕುಟುಂಬಕ್ಕೆ ಇದು ಒಗಟೇ ಅಲ್ಲ. ಅವರಿಗೆ ನಾನು ಮಗಳನ್ನು ಉಳಿಸಿದವನು. ಪ್ರತಿ ಹಬ್ಬಕ್ಕೆ ಹೋದಾಗ ಶಾರದಾ ಮೊದಲ ಹೋಳಿಗೆ ನನ್ನ ತಾಟಿಗೆ ಹಾಕುತ್ತಾಳೆ. ಹೊಸ ನೆಂಟರು ಬಂದರೆ ಈರಣ್ಣ ನನ್ನನ್ನು ತೋರಿಸಿ ಕತೆ ಹೇಳುತ್ತಾನೆ. ಎರೆಸೀಮೆಯ ಎಮ್ಮೆಯ ಮಾತು ಅದರ ಜೊತೆಗೇ ಬಂದು, ಎಲ್ಲರೂ ನಗುತ್ತಾರೆ. ನಾನೂ ನಕ್ಕು ಹೋಳಿಗೆ ಮುರಿಯುತ್ತೇನೆ. ಪಲ್ಲವಿ ನನ್ನ ಮಾತು ಕೇಳಿದ್ದರೆ ಆ ಕಲ್ಲಿನ ಜೊತೆ ಹೋಗುತ್ತಿದ್ದಳು. ಅದು ಆ ಪಂಕ್ತಿಯಲ್ಲಿ ಕುಳಿತ ನನಗೊಬ್ಬನಿಗೇ ಗೊತ್ತು.

ಪಲ್ಲವಿ ಈಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿದ ಮೊದಮೊದಲು ತುಂಬಾ ಹೆದರಿಕೆಯಾಗುತ್ತಿತ್ತಂತೆ. “ಅವಾಗೆಲ್ಲಾ ನೀವು ಅಂದದ್ದ ನೆನಪ ಮಾಡ್ಕೋತಿದ್ದೆ ಮಾಮಾ. ನಾ ಅದೀನಿ ಅಂದ್ರಲ್ಲ, ಅದನ್ನ. ಧೈರ್ಯ ಬರತಿತ್ತ್ರಿ” ಎಂದಳು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಕಾಲು ಹಿಡಿದದ್ದು, ನಾನು ಅಂದದ್ದು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದು.

ಅವಳು ಮೊದಲು ನಕ್ಕಳು. “ಪೇಪರಿನ್ಯಾಗ ಒಂದ ಸುದ್ದಿ ಹಾಕಬೇಕಂದ್ರ ಎಷ್ಟ ಮಂದಿ ಹೇಳಿರಬೇಕ್ರಿ ಮಾಮಾ?”

“ಕಡಿಮೆ ಅಂದರೂ ಇಬ್ಬರು.”

“ನಾವು ನಾಕ ಮಂದಿ ಕೇಳೇವಿ. ನೀವ ಒಬ್ಬರ. ನಿಮ್ಮ ಸುದ್ದಿ ನಡಿಯೂದಿಲ್ಲ ಬಿಡ್ರಿ.”

ನಾನು ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ನಗು ನಿಧಾನಕ್ಕೆ ಇಳಿಯಿತು. ಚಹಾದ ಕಪ್ಪನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು, “ಹಂಗಾರ ನಾ ಅದೀನಿ ಅಂದವ್ರು ಯಾರ್ರಿ?”

ಹೇಳಿ ನಾನು ಹಗುರಾದೆನೆಂದುಕೊಂಡಿದ್ದೆ. ನಾನು ಹಗುರಾಗಲು ಅವಳ ಧೈರ್ಯವನ್ನೇ ಕಿತ್ತುಕೊಂಡೆನೆಂಬುದು ಆಗ ತಿಳಿಯಿತು.

ಈ ಸಲದ ಶೀಗಿ ಹುಣ್ಣಿಮೆಗೂ ಎಲ್ಲರೂ ಖಣಿಗೆ ಹೋದೆವು. ಆ ಎತ್ತರದ ಬದಿಗೆ ಈಗ ಯಾರೂ ಹತ್ತುವುದಿಲ್ಲ. ಇಳಿಜಾರಿನ ಪಕ್ಕದಲ್ಲಿ ಆಳೆತ್ತರದ ಬಂಡೆಯೊಂದಿದೆ, ಜಿಗಿಯುವುದು ಅಲ್ಲಿಂದಲೇ. ನಾನು ನೀರಿನಲ್ಲಿದ್ದೆ. ಪಲ್ಲವಿ ಬಂಡೆಯ ಮೇಲೆ ನಿಂತು, “ಬರಲೇನ್ರಿ?” ಎಂದಳು. “ಬಾ, ನಾ ಅದೀನಿ” ಎಂದೆ, ಸಾಧ್ಯವಾದಷ್ಟು ಗಟ್ಟಿಯಾಗಿ. ಅವಳು ಕದಲಲಿಲ್ಲ. ಇನ್ನೊಮ್ಮೆ ಅಂದೆ. ದಡದಿಂದ ಈರಣ್ಣ, “ಜಿಗಿ ಲೇ, ಏನ ಮುಹೂರ್ತ ನೋಡಾಕತ್ತಿ?” ಎಂದು ಚೇಷ್ಟೆ ಮಾಡಿದ.

ಪಲ್ಲವಿ ಬಂಡೆಯಿಂದ ಹಿಂದಿನ ದಾರಿಯಲ್ಲೇ ನಡೆದು ಇಳಿದಳು. ನೀರಿನ ಅಂಚಿಗೆ ಬಂದು, ತಂದೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ನನಗೆ ಹೇಳಿದಳು:

“ಕೇಳಿಸ್ತ್ರಿ ಮಾಮಾ. ಆದ್ರ ಅಂದದ್ದು ನೀವ ಅಂತ ಹೆಂಗ ತಿಳ್ಕೊಳ್ಳಲಿ?”