ನಿಲ್ಲದವಳ ಚಿತ್ರ

ರಾಯಚೂರಿನ ಮಟಮಟ ಮಧ್ಯಾಹ್ನದ ಬಿಸಿಲಿನಿಂದ ಹೊಸ್ತಿಲು ದಾಟಿ ಒಳಗೆ ಬಂದರೆ, ಮೊದಲೊಂದು ಗಳಿಗೆ ಮೂಲೆಯ ನೀರಿನ ಕೊಡವೂ ಕಾಣುವುದಿಲ್ಲ. ಆಮೇಲೆ ಕತ್ತಲೆ ಮೆಲ್ಲಗೆ ತಿಳಿಯಾಗಿ ಕೊಡ, ಅದರ ಮೇಲಿನ ತಟ್ಟೆ, ತಟ್ಟೆಯ ಮೇಲಿನ ಲೋಟ ಒಂದೊಂದಾಗಿ ಬಂದು ನಿಲ್ಲುತ್ತವೆ. ನಮ್ಮ ಕಣ್ಣಿಗಿರುವ ಈ ತಾಳ್ಮೆ ಕ್ಯಾಮೆರಾಕ್ಕಿಲ್ಲ, ಗೆಳೆಯರೇ. ಬಿಸಿಲನ್ನು ನೋಡಿದರೆ ಅದು ನೆರಳನ್ನು ಮರೆಯುತ್ತದೆ. ನೆರಳಿಗೆ ಒಲಿದರೆ ಆಕಾಶವನ್ನು ಸುಣ್ಣದ ಗೋಡೆ ಮಾಡುತ್ತದೆ. ಅದಕ್ಕೊಂದು ಉಪಾಯವಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಒಂದೇ ನೋಟವನ್ನು ಒಮ್ಮೆ ಹದವಾಗಿ, ಒಮ್ಮೆ ಮಬ್ಬಾಗಿ, ಒಮ್ಮೆ ಬೆಳ್ಳಗೆ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ ಮೂರನ್ನೂ ಬೆಸೆಯುವುದು. ಎಚ್‌ಡಿಆರ್ ಎನ್ನುತ್ತಾರೆ. ಕೋಟೆಯ ಕಲ್ಲಿಗೂ ಗುಡ್ಡಕ್ಕೂ ಇದು ಸಲೀಸು, ಅವು ಎಲ್ಲಿಗೂ ಹೋಗುವುದಿಲ್ಲ. ನನಗೆ ಬೇಕಾಗಿದ್ದದ್ದು ಮಲ್ಲವ್ವನ ಚಿತ್ರ.

ಮಲ್ಲವ್ವ ಅರಕೇರಾದ ಕುರುಬರ ಹುಡುಗಿ. ದೇವದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಶಾಲೆಗೆ ಬರುತ್ತಿದ್ದಳು. ಏಳನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನ ಗೆಳತಿಯರು. ಆಮೇಲೆ ಆಕೆ ಕುರಿಗಳ ಹಿಂದೆ ಹೋದಳು, ನಾನು ಪುಸ್ತಕಗಳ ಹಿಂದೆ ಹೋಗಿ ರಾಯಚೂರಿನಲ್ಲಿ ಶಾಲೆಯ ಟೀಚರಾದೆ. ವರ್ಷಕ್ಕೊಮ್ಮೆ, ಮಾನ್ವಿಯ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದಾಗ, ಗೊಬ್ಬರಕ್ಕೆಂದು ರೈತರು ಆಕೆಯ ಕುರಿಗಳನ್ನು ರಾತ್ರಿ ಹೊಲದಲ್ಲೇ ಕೂಡಿಹಾಕಿ ತರುಬಿಸಿಕೊಳ್ಳುತ್ತಾರೆ. ಆಗ ನಾನು ಬಸ್ಸು ಹತ್ತಿ ಹೋಗುತ್ತೇನೆ. ಮಾತಿಗೇನೋ ಕೊರತೆಯಿಲ್ಲ, ಆದರೆ ಆಕೆ ಮುಂದೆ, ನಾನು ಹಿಂದೆ, ನಮ್ಮ ಸ್ನೇಹದ ಮಾತೆಲ್ಲ ಆಕೆಯ ಬೆನ್ನಿನೊಡನೆಯೇ. ಒಂದು ದಿನವಾದರೂ ಎದುರುಬದುರು ಕೂರಬೇಕೆಂಬ ಆಸೆ ಹಾಗೇ ಉಳಿದಿತ್ತು.

ಈ ವರ್ಷ ಆಕೆಯ ಮಗಳು ರೇಣುಕಾಗೆ ರಾಯಚೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿಗೆ ಹೋಗುವ ಮುಂಚೆ ಅವ್ವನದೊಂದು ಫೋಟೋ ಬೇಕೆಂದು ನನ್ನನ್ನು ಕೇಳಿದಳು. ರೇಣುಕಾಳ ಫೋನಿನ ತುಂಬ ಅವ್ವನ ಫೋಟೋಗಳಿದ್ದವು, ಆದರೆ ಎಲ್ಲದರಲ್ಲೂ ಹಿಂದೆ ಬಿಸಿಲಿಗೆ ಉರಿಯುವ ಹೊಲ, ಮುಂದೆ ಹಂಚಿನ ತಳದಂಥ ಕಪ್ಪು ಮುಖ.

ಮಾನ್ವಿಯ ಹೊಲದ ಬದುವಿನ ಬೇವಿನ ಕೆಳಗೆ ಮಲ್ಲವ್ವನನ್ನು ನಿಲ್ಲಿಸಿದೆ. ಅಲುಗಬೇಡ ಎಂದದ್ದಕ್ಕೆ, ಹುಟ್ಟಿದಾಗಿನಿಂದ ಅದೊಂದನ್ನು ಕಲಿತಿಲ್ಲ ಎಂದು ನಕ್ಕಳು. ಆದರೂ ನಿಂತಳು. ಮೊದಲನೆಯದನ್ನು ತೆಗೆದು, ಬೆಳಕಿನ ಅಳತೆ ಬದಲಿಸುತ್ತಿದ್ದಾಗ, ನನ್ನ ಪಕ್ಕದಲ್ಲಿದ್ದ ರೇಣುಕಾಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಆಕೆ ಸಣ್ಣಗೆ ನರಳಿದ್ದಷ್ಟೇ. ಅಷ್ಟು ದೂರದಿಂದ ಮಲ್ಲವ್ವನಿಗೆ ಅದು ಹೇಗೆ ಕೇಳಿಸಿತೋ, ಬಂದೇಬಿಟ್ಟಳು. ನನ್ನ ಬೆರಳು ತನ್ನ ಪಾಡಿಗೆ ಎರಡನೆಯದನ್ನೂ ಮೂರನೆಯದನ್ನೂ ಒತ್ತಿತ್ತು. ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದವಳು ಮತ್ತೆ ನಿಲ್ಲಲಿಲ್ಲ. ಕುರಿಗಳು ಆಗಲೇ ಕಾಲುವೆಯ ಕಡೆ ಹೊರಟಿದ್ದವು.

ಮನೆಗೆ ಬಂದು ಮೂರನ್ನೂ ಬೆಸೆದೆ. ಬೇವು ಎಲೆಎಲೆಯಾಗಿ ಕಂಡಿತು, ಆಕಾಶಕ್ಕೆ ಅದರ ನೀಲಿ ಮರಳಿತ್ತು, ಆದರೆ ಮಲ್ಲವ್ವ ಮೂವರಾಗಿದ್ದಳು. ಮೂವರೂ ನೀರಿನಂತೆ ತೆಳ್ಳಗೆ, ಸೀರೆಯ ಆಚೆಗೆ ಕುರಿಗಳು ಕಾಣುವಷ್ಟು. ಈ ಕಸುಬಿನವರು ಇದನ್ನು ದೆವ್ವ ಎನ್ನುತ್ತಾರೆ. ಬಿಡಿಸುವ ದಾರಿಯೂ ಇದೆ: ನಿಂತದ್ದಕ್ಕೆ ಮೂರನ್ನೂ ಬಳಸಬೇಕು, ನಡೆದದ್ದಕ್ಕೆ ಒಂದನ್ನೇ ಆರಿಸಿಕೊಳ್ಳಬೇಕು. ನಾನು ನಿಂತಿದ್ದ ಮಲ್ಲವ್ವನನ್ನು ಆರಿಸಿಕೊಂಡೆ. ಮುಖದ ಮೇಲಿನ ನೆರಳನ್ನು ಮೆಲ್ಲಮೆಲ್ಲಗೆ ತಿಳಿಗೊಳಿಸಿದಂತೆ ಹಣೆ ಬಂತು, ಕಣ್ಣು ಬಂದವು, ಗದ್ದದ ಹಚ್ಚೆ ಬಂತು. ಶಾಲೆಯ ಬೆಂಚಿನ ಮೇಲೆ ನಾನು ಬೆರಳಿಟ್ಟು ಮುಟ್ಟಿ ನೋಡುತ್ತಿದ್ದ ಹಚ್ಚೆ. ಒಂದೇ ಕ್ಷಣದಲ್ಲಿ ಕಾಣಬೇಕಾದವರನ್ನು ನಾವು ವರ್ಷವರ್ಷಗಳ ಚೂರುಗಳಿಂದ ಜೋಡಿಸಿಕೊಳ್ಳುತ್ತೇವಲ್ಲ, ಎಂದುಕೊಂಡೆ. ಜೋಡಿಸಿದರೂ ಅವರು ನಮ್ಮೆದುರು ಇರುವುದಿಲ್ಲ.

ಹಾಸ್ಟೆಲು ಸೇರುವ ದಿನ ರೇಣುಕಾ ಟ್ರಂಕಿನೊಡನೆ ನಮ್ಮ ಮನೆಗೆ ಬಂದಳು. ಮಾನ್ವಿಯಲ್ಲಿ ಬಸ್ಸು ಹತ್ತಿಸಿ ಅವ್ವ ಕುರಿಗಳೊಡನೆ ಅರಕೇರಾದ ಹಾದಿ ಹಿಡಿದಿದ್ದಳಂತೆ. ಕಂಪ್ಯೂಟರಿನಲ್ಲಿ ನಾನು ತಿದ್ದಿದ ಚಿತ್ರವನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು, ಚೆನ್ನಾಗಿದೆ ಎಂದಳು. ಪಕ್ಕದಲ್ಲಿದ್ದ ಇನ್ನೊಂದು ಯಾವುದೆಂದು ಕೇಳಿದಳು. ಅದರಲ್ಲಿ ಅವ್ವ ಮೂವರಾಗಿ ಕೆಟ್ಟಿದೆ, ಅಳಿಸಬೇಕು ಎಂದೆ.

ಆಕೆ ಅದನ್ನು ತೆರೆದು ನೋಡಿದಳು. ಆಮೇಲೆ ತೆರೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಅಳಸಬ್ಯಾಡ ಚಿಗವ್ವ. ಇದರಾಗ ಅವ್ವ ನನ್ನ ಕಡಿ ಬರಾಕತ್ತಾಳ. ನನಗ ಇದನ್ನ ಕೊಡು."

ಅದನ್ನೇ ಅಚ್ಚು ಹಾಕಿಸಿಕೊಟ್ಟೆ. ಸ್ಪಷ್ಟವಾದದ್ದು ನನ್ನಲ್ಲೇ ಉಳಿಯಿತು. ಸಂಜೆ ಶಾಲೆಯಿಂದ ಬಂದು ಚಹಾ ಮಾಡಿಕೊಂಡು ಅದರೆದುರು ಕೂರುತ್ತೇನೆ. ಮಲ್ಲವ್ವ ಬೇವಿನ ನೆರಳಿನಲ್ಲಿ, ನನ್ನ ಕಡೆಗೆ ಮುಖ ಮಾಡಿಕೊಂಡು ನಿಂತಿದ್ದಾಳೆ. ಚಹಾ ಆರುತ್ತದೆ, ಆಕೆ ಅಲುಗುವುದೇ ಇಲ್ಲ.