ನೇಪಾಳಕ್ಕೆ ಹೋಗಿಬಂದ ಅತ್ತೆಯ ಕೌದಿ

ನಮ್ಮತ್ತೆ ಜೀವನದಲ್ಲಿ ಮೊದಲ ಸಲ ಬೇಕರಿಯ ಮೆಟ್ಟಿಲು ಹತ್ತಿದ್ದು ನೇಪಾಳದಲ್ಲಿ ಭೂಕಂಪವಾದಾಗ.

ನಗಬೇಡಿ, ನಡೆದದ್ದೇ ಇದು. ಎಂಬತ್ತರ ದಶಕದ ಕೊನೆ, ತಾಂಡೂರು. ನಾನು ಜಹೀರಾಬಾದಿನಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶ್ರಾವಣದ ಮಳೆ ಬಿಡದೆ ಹಿಡಿದಿತ್ತು.

ನಮ್ಮ ಗಲ್ಲಿಗೆ ಒಬ್ಬ ಗೂರ್ಖಾ ಇದ್ದ. ಹೆಸರು ಬೇರೆ ಏನೋ ಇತ್ತು, ನಾವೆಲ್ಲ ಬಹಾದ್ದೂರ ಅಂತಲೇ ಕರೆಯುತ್ತಿದ್ದೆವು. ರಾತ್ರಿ ಸೀಟಿ ಊದಿಕೊಂಡು ತಿರುಗಿ, ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಅತ್ತೆ ಕೊಟ್ಟ ರೊಟ್ಟಿ ತಿಂದು ಹೋಗುತ್ತಿದ್ದ.

ಅವತ್ತು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ತಿನ್ನಲಿಲ್ಲ.

ರೇಡಿಯೋದಲ್ಲಿ ಸುದ್ದಿ ಬಂದಿತ್ತು. ಅವನ ಊರಿರುವ ಬೆಟ್ಟಗಳ ಕಡೆಯೇ ಭೂಮಿ ನಡುಗಿತ್ತು. ಊರಲ್ಲಿ ಹೆಂಡತಿ, ಎರಡು ಪುಟ್ಟ ಹೆಣ್ಣುಮಕ್ಕಳು. ಇದ್ದಾರೋ ಇಲ್ಲವೋ... ಕೇಳೋಣವೆಂದರೆ ಅಲ್ಲಿಗೆ ಫೋನೂ ಇಲ್ಲ.

ನಾಳೆ ಸಂಜೆಯ ರೈಲಿಗೆ ಹೊರಡುತ್ತೇನೆ ಅಂದ. ಗಲ್ಲಿಯ ಗಂಡಸರು ಜೇಬಿಗೆ ಕೈ ಹಾಕಿದರು. ನಮ್ಮತ್ತೆ ಬಾಗಿಲಲ್ಲೇ ನಿಂತು ಕೇಳಿದರು.

"ಅಂಗಡಿನೇ ಬಿದ್ದು ಹೋಗ್ಯಾವ ಅಂತೀರಿ. ರೊಕ್ಕ ಒಯ್ದು ಅಲ್ಲಿ ಏನ್ ಕಡೀತಾನ?"

ಅದೂ ಸರಿಯೇ. ಬಸ್ಸು ಇಳಿದ ಮೇಲೆ ಬೆಟ್ಟ ಹತ್ತಿ ನಡೆಯಬೇಕು. ದಾರಿಯಲ್ಲಿ ಏನೂ ಸಿಗುವುದಿಲ್ಲ. ಮಕ್ಕಳು ಬದುಕಿದ್ದರೂ ಹಸಿದಿರುತ್ತಾರೆ. ಕೆಡದೆ ಉಳಿಯುವ ಊಟ ಬೇಕು ಅಂದರೆ ನಮ್ಮ ಕಡೆ ಒಂದೇ ಉತ್ತರ, ಜೋಳದ ಖಡಕ್ ರೊಟ್ಟಿ. ಸರಿಯಾಗಿ ಒಣಗಿದ್ದರೆ ತಿಂಗಳಾದರೂ ಏನೂ ಆಗುವುದಿಲ್ಲ.

ಅತ್ತೆ ಹೇಳಿದ್ದೇ ತಡ, ಮನೆಮನೆಯಲ್ಲೂ ಒಲೆ ಹೊತ್ತಿತು. ಮಠದ ದಾಸೋಹಕ್ಕೆ ಮನೆಗಿಷ್ಟು ಅಂತ ರೊಟ್ಟಿ ಕೊಡುವ ರೂಢಿ ಇತ್ತಲ್ಲ, ಹಾಗಾಗಿ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಗಲ್ಲಿಯ ತುಂಬ ಟಪಟಪ ರೊಟ್ಟಿ ಬಡಿಯುವ ಸದ್ದು! ನನ್ನ ರೊಟ್ಟಿಯ ಅಂಚು ಹರಿಯುತ್ತಿತ್ತು. ಅವತ್ತು ಮಾತ್ರ ಅತ್ತೆ ಬೈಯಲಿಲ್ಲ.

ಆದರೆ ಆ ಮಳೆ...

ಬಿಸಿಲೇ ಇಲ್ಲ. ಒಲೆಯ ಪಕ್ಕ ಒರಗಿಸಿಟ್ಟ ರೊಟ್ಟಿಗಳು ಬೆಳಗಾಗುವಷ್ಟರಲ್ಲಿ ಮೆತ್ತಗಾಗಿದ್ದವು. ಹೀಗೇ ಕಟ್ಟಿಕೊಟ್ಟರೆ ಬಿಹಾರ ದಾಟುವ ಮೊದಲೇ ಬೂಷ್ಟು ಹಿಡಿಯುತ್ತದೆ. ಬುಟ್ಟಿಗಟ್ಟಲೆ ರೊಟ್ಟಿ ಮುಂದಿಟ್ಟುಕೊಂಡು ಹೆಂಗಸರೆಲ್ಲ ಸಪ್ಪಗೆ ಕೂತರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅತ್ತೀ, ಚಾಚಾನ ಬೇಕರಿ ಭಟ್ಟಿ ಅದ ಅಲ್ರೀ..." ಅಂದುಬಿಟ್ಟೆ.

ಎಲ್ಲರೂ ನನ್ನನ್ನೇ ನೋಡಿದರು. ಗಲ್ಲಿಯವರೆಲ್ಲ ಚಾಚಾ ಅನ್ನುತ್ತಿದ್ದ ಹಿರಿಯರ ಬೇಕರಿ ಅದು, ಗಲ್ಲಿಯ ತುದಿಯಲ್ಲೇ ಇತ್ತು. ಆದರೆ ನಮ್ಮತ್ತೆ ಲಿಂಗಪೂಜೆ ಆಗದೆ ನೀರೂ ಕುಡಿಯದ ಹೆಂಗಸು. ಮೊಟ್ಟೆ ಒಡೆಯುವ ಜಾಗ ಅಂತ ಜ್ವರ ಬಂದಾಗಲೂ ಅಲ್ಲಿಯ ಬ್ರೆಡ್ ಮುಟ್ಟಿದವರಲ್ಲ. ಅದರ ಮುಂದೆ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಬೈಗುಳ ಬಿತ್ತೆಂದೇ ನಾನು ತಲೆ ತಗ್ಗಿಸಿದೆ.

ಅತ್ತೆ ಎದ್ದರು. ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನು ತಾವೇ ತಲೆಯ ಮೇಲೆ ಹೊತ್ತು ಮಳೆಯಲ್ಲಿ ನಡೆದರು. ಹಿಂದೆ ನಾವು, ಬುಟ್ಟಿಗಳಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು. ಮೆರವಣಿಗೆಯೇ ಅನ್ನಿ!

ಚಾಚಾ ಗಾಬರಿಯಾಗಿ ಗಲ್ಲಾ ಬಿಟ್ಟು ಎದ್ದು ಬಂದರು. ವಿಷಯ ತಿಳಿದದ್ದೇ ಬಿಸ್ಕೆಟ್ ಟ್ರೇಗಳನ್ನೆಲ್ಲ ಹೊರಗೆ ತೆಗೆಸಿ ಭಟ್ಟಿ ಗುಡಿಸಿ ಸ್ವಚ್ಛ ಮಾಡಿಸಿದರು. "ಅವ್ವಾರ, ತತ್ತಿ ಮುಟ್ಟಿದ್ದು ಒಂದೂ ಒಳಗ ಇಡಂಗಿಲ್ರಿ" ಅಂದರು.

"ಬೆಂಕಿ ಅದ ಅಲ್ಲಾ, ಅಷ್ಟು ಸಾಕು. ಲಗೂ ಇಡ್ರಿ. ಅಲ್ಲಿ ಹುಡುಗ್ಯಾರು ಉಪಾಸ ಕುಂತಾರ."

ಹಾಗೆ ಹೇಳಿದ ಅತ್ತೆ ಮನೆಗೆ ಬರಲಿಲ್ಲ. ಮೈದಾ ಚೀಲದ ಮೇಲೆ ಕೂತು ಕಾವಲು ಕಾದರು. "ಅಯ್ಯ, ಕರಕಾಗ್ತಾವ, ತಗೀರಿ!" ಅಂತ ಭಟ್ಟಿಯ ಯಜಮಾನನಿಗೇ ಪಾಠ ಬೇರೆ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ರೊಟ್ಟಿಗಳು ಹಪ್ಪಳದ ಹಾಗೆ ಗರಿಗರಿ. ಚಾಚಾ ಬಿಸ್ಕೆಟಿನ ದೊಡ್ಡ ಡಬ್ಬಗಳನ್ನು ಕೊಟ್ಟರು. ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ತುಂಬಿದ ಮೇಲೆ ಅತ್ತೆ ತಮ್ಮ ಕೌದಿ ತಂದು ಅದರಲ್ಲೇ ಗಂಟು ಕಟ್ಟಿದರು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿ ಅದು. ಅವರ ಅವ್ವನ ಸೀರೆ ಇತ್ತು ಅದರಲ್ಲಿ, ಅಜ್ಜಿಯ ಸೀರೆಯೂ ಇತ್ತು.

"ನನ್ನ ಕೌದಿ ತಿರುಗಿ ಕೊಡಬೇಕು ನೋಡು ಬಹಾದ್ದೂರ. ನೀನೇ ತರಬೇಕು."

ಬೈಯುವ ದನಿಯಲ್ಲೇ ಹೇಳಿದರು. ಕಣ್ಣು ಮಾತ್ರ ತುಂಬಿತ್ತು.

ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಸುದ್ದಿ ಇಲ್ಲ. ಅತ್ತೆ ದಿನಾ ಬೆಳಗ್ಗೆ ಬಾಗಿಲು ತೆಗೆದು ಮೊದಲು ಕಟ್ಟೆ ನೋಡುತ್ತಿದ್ದರು.

ಸಂಕ್ರಾಂತಿಯ ಆಸುಪಾಸು. ನೀರು ಚಿಮುಕಿಸಲು ಬಾಗಿಲು ತೆಗೆಯುತ್ತೇನೆ... ಕಟ್ಟೆಯ ಮೇಲೆ ಬಹಾದ್ದೂರ! ಪಕ್ಕದಲ್ಲಿ ಹೆಂಡತಿ, ಅವಳಿಗೆ ಅಂಟಿಕೊಂಡು ಇಬ್ಬರು ಹುಡುಗಿಯರು! ನಾನು ಕೂಗಿದ ಕೂಗಿಗೆ ಗಲ್ಲಿಗೆ ಗಲ್ಲಿಯೇ ಓಡಿ ಬಂತು.

ಮನೆ ಪೂರ್ತಿ ಕುಸಿದಿತ್ತಂತೆ. ಅವನು ಊರು ಮುಟ್ಟಿದಾಗ ಮೂವರೂ ಮರದ ಕೆಳಗೆ ಸೊಪ್ಪು ಬೇಯಿಸಿಕೊಂಡು ಜೀವ ಹಿಡಿದಿದ್ದರು. ಡಬ್ಬ ತೆಗೆದರೆ ಒಂದು ರೊಟ್ಟಿಗೂ ಬೂಷ್ಟಿಲ್ಲ! ಸರ್ಕಾರದ ಅಕ್ಕಿ ಬೆಟ್ಟ ಹತ್ತುವವರೆಗೆ ಅಕ್ಕಪಕ್ಕದವರೂ ಅದನ್ನೇ ನೀರಲ್ಲಿ ನೆನೆಸಿ ತಿಂದರಂತೆ. ಚಟ್ನಿಪುಡಿಯ ಖಾರಕ್ಕೆ ಊರಿಗೆ ಊರೇ ನೀರು ಹುಡುಕಿಕೊಂಡು ಓಡಿತಂತೆ. ಅತ್ತೆ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಅತ್ತರು.

ಆಮೇಲೆ ಅವನ ಹೆಂಡತಿ ಎರಡೂ ಕೈಯಲ್ಲಿ ಕೌದಿ ಕೊಟ್ಟಳು. ಒಗೆದು ಮಡಚಿದ್ದಳು. ಒಂದು ಮೂಲೆ ದಾರಿಯಲ್ಲಿ ಹರಿದಿತ್ತಂತೆ, ಅಲ್ಲಿ ಕೆಂಪು ಬಟ್ಟೆಯ ತೇಪೆ ಹಾಕಿದ್ದಳು. ಕಲ್ಲುಮಣ್ಣಿನ ಕೆಳಗಿಂದ ಎಳೆದು ತೆಗೆದ ತನ್ನ ಮದುವೆಯ ಸೀರೆಯಿಂದಲೇ ಕತ್ತರಿಸಿದ ತುಂಡು.

ಅತ್ತೆ ಅದರ ಮೇಲೆ ಕೈಯಾಡಿಸುತ್ತ ಕೂತುಬಿಟ್ಟರು. "ಚಾಚಾಗ ಕರೀರಿ, ಅವರಿಗೂ ತೋರಿಸ್ಬೇಕು" ಅಂದರು.

ಚಾಚಾ ಬಿಸಿ ಬನ್ನು ಹಿಡಿದುಕೊಂಡೇ ಬಂದರು. ಅತ್ತೆ ತಿಂದರಾ ಅಂತ ಕೇಳಬೇಡಿ, ತಿನ್ನಲಿಲ್ಲ! ಆದರೆ ತಾವೇ ಮುರಿದು ಹುಡುಗಿಯರ ಬಾಯಿಗಿಟ್ಟರು.

ಅತ್ತೆ ಈಗಿಲ್ಲ. ಕೌದಿ ನನ್ನ ಮಂಚದ ಮೇಲಿದೆ. ಮೊಮ್ಮಗಳು ಆ ಕೆಂಪು ತುಂಡಿನ ಮೇಲೆ ಬೆರಳಿಟ್ಟು ಯಾರದು ಅಂತ ಕೇಳಿದರೆ, ನಮ್ಮ ಮನೆಯ ಒಬ್ಬ ಅಜ್ಜಿಯದೇ ಅನ್ನುತ್ತೇನೆ.

ನಿಮ್ಮ ಮನೆಯ ಕೌದಿಯಲ್ಲಿ ಯಾರ್ಯಾರ ಸೀರೆ ಇದೆ?