ಹಳಿಯಾಚೆಯ ನೀಲಿ ಡಬ್ಬಿ

ಎಲೋಡಿಯಾ ಹುಟ್ಟಿದ್ದು ಗೂಡ್ಸ್ ಗಾಡಿಯ ಡಬ್ಬಿಯಲ್ಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಹಾಲ್ಕಟ್ ಊರಿನಲ್ಲಿ ಹಳಿಯಾಚೆಗಿದ್ದ ಮೆಕ್ಸಿಕನ್ನರ ಮಕ್ಕಳೆಲ್ಲ ಹುಟ್ಟಿದ್ದು ಹಾಗೆಯೇ. ಓಡಾಟಕ್ಕೆ ಬಾರದ ಡಬ್ಬಿಗಳ ಗಾಲಿ ಕಳಚಿ ಸಾಲಾಗಿ ಇಳಿಸಿ, ಹಳಿ ರಿಪೇರಿಯ ಗ್ಯಾಂಗಿನವರಿಗೆ 'ಇದರಲ್ಲೇ ಇರಿ' ಅಂದಿತ್ತು ರೈಲ್ವೆ ಕಂಪನಿ. ಅಪ್ಪ ಗ್ಯಾಂಗಿನವನು. ಡಬ್ಬಿಯನ್ನು ಮನೆ ಮಾಡಿದವಳು ಅಮ್ಮ ತೋಮಸಾ. ಹಿಂಬದಿಗೆ ಹಲಗೆಯ ಅಡುಗೆಮನೆ ಕಟ್ಟಿಸಿದಳು, ಪ್ರತಿ ಈಸ್ಟರಿಗೆ ಹೊರಗೆಲ್ಲ ನೀಲಿ ಬಣ್ಣ ಬಳಿದಳು, ಕೊನೆಗೆ ಅಲ್ಲೇ ಕಣ್ಣು ಮುಚ್ಚಿದಳು.

ಎಲೋಡಿಯಾ ಮದುವೆಯಾಗಲಿಲ್ಲ. ಹಳಿಯೀಚೆಯ ರೈಲ್ವೆ ಹೋಟೆಲು ಮುಚ್ಚುವವರೆಗೂ ಅಲ್ಲಿನ ಹಾಸಿಗೆ ಬಟ್ಟೆ ಒಗೆದಳು. ಹಿಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದಲೇ ಬಂದಳು. ರೈಲು ನಿಲ್ಲುವುದು ಬಿಟ್ಟು ಊರು ಸೊರಗಿದ ಮೇಲೆ ದೊಡ್ಡವರಿಗೆ ಇತಿಹಾಸದ ಹುಚ್ಚು ಹಿಡಿಯಿತು. ಸ್ಟೇಷನ್ನು, ಹೋಟೆಲು, ಬ್ಯಾಂಕು ಇದ್ದ ಬೀದಿಗಳನ್ನು ಪಾರಂಪರಿಕ ಪ್ರದೇಶವೆಂದು ಸಾರಿ, ದೀಪದ ಕಂಬಗಳಿಗೂ ಹಳೇ ವೇಷ ಹಾಕಿದರು. ಹಳಿಯಾಚೆಗೆ ಆ ಗೌರವ ದಾಟಲಿಲ್ಲ. ದಾಟಿದ್ದು ಬುಲ್ಡೋಜರು: ಕಂಪನಿ ಆ ಜಾಗವನ್ನು ಧಾನ್ಯದ ಗೋದಾಮಿಗೆ ಕೊಟ್ಟಿತ್ತು. ಒಂದೊಂದೇ ಮನೆ ಪುಡಿಯಾಗಿ, ಎಲೋಡಿಯಾಳದೊಂದು ಉಳಿಯಿತು.

ಆಗ ಬಂದವರು ಪಾರಂಪರಿಕ ಸಮಿತಿಯ ಅಧ್ಯಕ್ಷ ವಾರೆನ್ ಸ್ಟಕಿ. ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದಷ್ಟು ಒಳ್ಳೆಯ ಮನುಷ್ಯ, ಅದೇ ಹಾಳು ವಿಷಯ.

"ಇಂಥ ಡಬ್ಬಿ ಈ ಸುತ್ತಮುತ್ತ ಇನ್ನೊಂದಿಲ್ಲ, ಎಲೋಡಿಯಾ ಅವರೇ. ನಮಗೆ ಕೊಡಿ, ಸ್ಟೇಷನ್ ಪಕ್ಕ ಇಟ್ಟು ಜೋಪಾನವಾಗಿ ನೋಡ್ಕೋತೀವಿ."

ಅಮ್ಮನ ಮನೆ ಉಳಿಯುತ್ತದೆ. ಎಲೋಡಿಯಾಗೆ ಬೇಕಾಗಿದ್ದು ಅದೊಂದೇ. ತಂಗಿ ಚಾವೆಲಾ ಮಾತ್ರ ಮೂಗು ಮುರಿದಳು.

"ಅವರು ಕೇಳ್ತಿರೋದು ಮನೇನಲ್ಲ ಅಕ್ಕ, ಡಬ್ಬಿ."

"ಎರಡೂ ಒಂದೇ ಅಲ್ವೇನೇ?"

"ನಿಂಗೆ ಒಂದೇ. ಅವರನ್ನ ಕೇಳಿದ್ಯಾ?"

"ನಿಂಗೆ ಹೊಟ್ಟೆಯುರಿ. ನೀನು ಮದುವೆ ಮಾಡ್ಕೊಂಡು ಓಡಿದೆ. ಅಮ್ಮನ ಕೊನೇ ದಿನಗಳಲ್ಲಿ ನೀರು ಹೊತ್ತಿದ್ದು ನಾನು."

ಸ್ಟಕಿಯವರನ್ನು ಕೇಳಲಿಲ್ಲ ಎಲೋಡಿಯಾ. ಅದರ ಬದಲು, ಜನ ನೋಡೋಕೆ ಬರೋ ಮನೆ ಕಳೆಗುಂದಿರಬಾರದೆಂದು, ಮಂಡಿನೋವು ನುಂಗಿಕೊಂಡು ಏಣಿ ಹತ್ತಿ ಅಮ್ಮನ ನೀಲಿಯನ್ನೇ ಹೊಸದಾಗಿ ಬಳಿದಳು. ಆಮೇಲೆ ಕ್ರೇನು ಬಂತು. ಅವಳು ಮುದುಕರ ವಸತಿಯಲ್ಲಿ ಒಂದು ಕೋಣೆ ಸೇರಿದಳು.

ಮುಂದಿನ ಬೇಸಿಗೆಯಲ್ಲಿ ಉದ್ಘಾಟನೆ. ತಂಗಿಯೊಡನೆ ಬಂದ ಎಲೋಡಿಯಾ ಡಬ್ಬಿಯ ಎದುರಿಗೇ ನಿಂತು "ನಮ್ಮನೆ ಎಲ್ಲೇ?" ಎಂದು ಹುಡುಕಿದಳು. ಎದುರಿಗಿದ್ದದ್ದು ಕೆಂಗಂದು ಬಣ್ಣದ್ದು, ಮೈಮೇಲೆ ಬಿಳಿ ನಂಬರು. ಅಡುಗೆಮನೆ ಇರಲಿಲ್ಲ. ಒಳಗೆ ಹೋದರೆ ಬರೀ ಹಲಗೆ, ವಾರ್ನಿಷಿನ ವಾಸನೆ.

ಸ್ಟಕಿ ಕೈ ಕುಲುಕಿ ವಿವರಿಸಿದರು. "ನಮ್ಮೂರಿನ ವೈಭವದ ಕಾಲ ಸಾವಿರದ ಒಂಬೈನೂರ ಇಪ್ಪತ್ತೈದಕ್ಕೆ ಮುಗೀತು ಅಂತ ಲೆಕ್ಕ. ಆಮೇಲೆ ಸೇರಿಸಿದ್ದನ್ನೆಲ್ಲ ತೆಗೀಬೇಕು, ಅದು ನಿಯಮ. ಆದ್ರೆ ಆ ನೀಲಿ ಬಣ್ಣ ಇತ್ತಲ್ಲ, ಪದರದ ಮೇಲೆ ಪದರ. ಮೇಲಿನ ಹೊಸ ಪದರವಂತೂ ಬೇಗ ಬಿಡ್ಲೇ ಇಲ್ಲ, ಕೆರೆದೂ ಕೆರೆದೂ ಹುಡುಗರಿಗೆ ಸಾಕಾಯ್ತು."

ಅಪ್ಪ ಈ ಊರಿಗೆ ಬಂದದ್ದು ಆ ಲೆಕ್ಕ ಮುಗಿದ ಮರುವರ್ಷ.

ಎಲೋಡಿಯಾ ಹಳಿಯ ಕಡೆಯ ಗೋಡೆಗೆ ಹೋದಳು. ಮೊದಲು ಅಲ್ಲೊಂದು ಕಿಟಕಿಯಿತ್ತು. ಎಲೋಡಿಯಾ ಹುಟ್ಟುವ ಮೊದಲು, ಒಂದು ಚಳಿಗಾಲ ಒಲೆಯ ಹೊಗೆ ಒಳಗೇ ಕಟ್ಟಿ ಅಮ್ಮನ ತೊಟ್ಟಿಲಿನ ಕೂಸು ಸತ್ತಿತ್ತು. ಮಣ್ಣು ಮಾಡಿ ಬಂದ ದಿನವೇ ಅಮ್ಮ ಯಾರನ್ನೂ ಕೇಳದೆ ಅಪ್ಪನ ಗರಗಸ ತೆಗೆದುಕೊಂಡು, ಕಂಪನಿಯ ಗೋಡೆ ಕೊಯ್ದು ಗಾಳಿ ಬಿಟ್ಟಿದ್ದಳು. ಅದಾದ ಮೇಲೆ ಹುಟ್ಟಿದವರೆಲ್ಲ ಬದುಕಿದರು, ಎಲೋಡಿಯಾ ಕೂಡ. ಅವಳು ಅಂಗೈಯಿಟ್ಟು ಹಲಗೆ ಸವರಿದಳು. ಎಲ್ಲೂ ಜೋಡಣೆಯ ಗೆರೆ ಸಿಗಲಿಲ್ಲ.

"ಕಿಟಕಿ ಎಲ್ಲಿತ್ತು ಅಂತ ನಿಮಗೇ ಗೊತ್ತಾಗ್ತಿಲ್ಲ, ಅಲ್ವಾ?" ಸ್ಟಕಿ ಹಿಗ್ಗಿನಿಂದ ಕೇಳಿದರು. "ಅದೇ ಕಾಲದ ಹಲಗೆ ಹುಡುಕಿ ತಂದ್ವಿ. ಬಡಗಿ ಅಂದ್ರೆ ಬಡಗಿ."

ಚಾವೆಲಾ ಅಕ್ಕನ ಪಕ್ಕಕ್ಕೆ ಬಂದು ನಿಂತಳು.

"ಗೊತ್ತಾಗ್ತಿಲ್ಲ," ಅಂದಳು ಎಲೋಡಿಯಾ. ಆದರೂ ಗೋಡೆಯ ಮೇಲೆ ಕೈಯಾಡಿಸುತ್ತಲೇ ಇದ್ದಳು. ಹಿಂದೆ ಜನ ಸಾಲುಗಟ್ಟಿದ್ದರು. ಕೊನೆಗೆ ಚಾವೆಲಾ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಬೇಕಾಯಿತು.